ಎರಡು ವರ್ಷಕ್ಕೊಮ್ಮೆ ಅಲ್ಲ, ತಿಂಗಳಿಗೆ ಎರಡು ನಿಮಿಷ: ವಾರ್ಡಿನಲ್ಲೇ ಸಿಪಿಆರ್ ಅಭ್ಯಾಸ ಹೀಗೆ ಮಾಡಿ

"ಎದೆ ಮೇಲೆ ಬರ್ಲಿ ಮಾರಾಯ್ತಿ, ಭಾರ ಬಿಡು!"

ರಾತ್ರಿ ಡ್ಯೂಟಿಯಲ್ಲಿ ಹಿರಿಯ ಸಿಸ್ಟರ್ ಒಬ್ಬರು ಹೀಗೆ ಕೂಗಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಉಡುಪಿ ಕಡೆಯ ಒಂದು ಆಸ್ಪತ್ರೆ. ಹೃದಯ ನಿಂತಿದ್ದ ಅಜ್ಜನ ಎದೆ ಒತ್ತುತ್ತಿದ್ದವಳು ನಾನು. ಸಿಪಿಆರ್, ಅಂದರೆ ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ಕೊಡುವುದರ ತರಬೇತಿ ಮುಗಿದು ಎಂಟು ತಿಂಗಳಾಗಿತ್ತು. ಸರ್ಟಿಫಿಕೇಟ್ ಫೈಲಿನಲ್ಲಿ ಭದ್ರವಾಗಿತ್ತು. ಜೋರಾಗಿ ಒತ್ತಬೇಕು ಅನ್ನುವುದು ನೆನಪಿತ್ತು, ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳಲು ಬಿಡಬೇಕು ಅನ್ನುವುದನ್ನು ಕೈ ಮರೆತಿತ್ತು. ಎದೆ ಮೇಲೆ ಬಂದರೆ ತಾನೇ ಹೃದಯದೊಳಗೆ ಮತ್ತೆ ರಕ್ತ ತುಂಬುವುದು? ಅಜ್ಜ ಉಳಿಯಲಿಲ್ಲ. ನನ್ನಿಂದ ಹಾಗಾಯಿತು ಎಂದು ಯಾರೂ ಹೇಳಲಿಲ್ಲ. ಆದರೆ ಅಂದಿನಿಂದ ಈ ಅಭ್ಯಾಸದ ಕೆಲಸವನ್ನು ನಾನು ಬಿಟ್ಟಿಲ್ಲ.

ಸಾಮಾನ್ಯವಾಗಿ ಸರ್ಟಿಫಿಕೇಟಿನ ಅವಧಿ 2 ವರ್ಷ. ಕೈಯ ಕೌಶಲ ಮಾತ್ರ 3ರಿಂದ 6 ತಿಂಗಳಲ್ಲೇ ಇಳಿಯಲು ಶುರುವಾಗುತ್ತದೆ. ನಮ್ಮ ಕಡೆ ಚೆಂಡೆ ಕಲಿಯುವವರನ್ನು ನೋಡಿ. ಎರಡು ವರ್ಷ ಕೋಲು ಮುಟ್ಟದೆ ಯಾರಾದರೂ ನೇರ ರಂಗಸ್ಥಳಕ್ಕೆ ಬರುತ್ತಾರಾ? ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ 2020ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಒಂದೇ ದಿನ ಎಲ್ಲ ಕಲಿಸಿ ಮುಗಿಸುವ ಬದಲು ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ಕಲಿಸಿ.

ಮೊದಲು, ಈಗ ಎಲ್ಲಿದ್ದೇವೆ ಎಂದು ನೋಡಿಕೊಳ್ಳಿ. ಏನೂ ಹೇಳಿಕೊಡದೆ ಪ್ರತಿಯೊಬ್ಬರಿಂದ ಮ್ಯಾನಿಕಿನ್ (ಅಭ್ಯಾಸದ ಗೊಂಬೆ) ಮೇಲೆ ಎರಡು ನಿಮಿಷ ಸಿಪಿಆರ್ ಮಾಡಿಸಿ. ದೊಡ್ಡವರಿಗಾದರೆ ನಿಮಿಷಕ್ಕೆ 100ರಿಂದ 120 ಒತ್ತು, ಆಳ 5ರಿಂದ 6 ಸೆಂ.ಮೀ., 30 ಒತ್ತಿಗೆ 2 ಉಸಿರು. ಕಂಡದ್ದನ್ನು ಬರೆದಿಡಿ. ಈ ಬರಹ ಯಾರ ಅಪ್ರೈಸಲ್‌ಗೂ ಹೋಗಬಾರದು. ಹೋಗುತ್ತದೆ ಎಂದು ಗೊತ್ತಾದರೆ ತಪ್ಪು ತೋರಿಸಿಕೊಳ್ಳಲು ಯಾರೂ ಬರುವುದಿಲ್ಲ.

ಎರಡನೆಯದು, ಮ್ಯಾನಿಕಿನ್ ಅನ್ನು ಬೀಗ ಹಾಕಿದ ಸ್ಕಿಲ್ ಲ್ಯಾಬಿನಿಂದ ಹೊರಗೆ ತನ್ನಿ. ಟ್ರಾಲಿಯಲ್ಲಿಟ್ಟು ವಾರ್ಡಿಗೇ ಒಯ್ಯಿರಿ. ಶಿಫ್ಟ್ ಬದಲಾಗುವಾಗಿನ ಹ್ಯಾಂಡೋವರ್ ಮುಗಿದ ಕೂಡಲೇ ಇಬ್ಬರು ಅಥವಾ ಮೂವರು, ತಲಾ ಎರಡು ನಿಮಿಷ. ಪ್ರತಿಯೊಬ್ಬರಿಗೂ ತಿಂಗಳಿಗೊಮ್ಮೆ ಸರದಿ ಬಂದರೆ ಒಳ್ಳೆಯದು, ಮೂರು ತಿಂಗಳು ಮಾತ್ರ ದಾಟಬಾರದು. ನೈಟ್ ಶಿಫ್ಟಿನವರನ್ನು ಬಿಡಲೇಬೇಡಿ. ರಾತ್ರಿ ಕೈಗಳು ಕಡಿಮೆ, ಅಭ್ಯಾಸ ಅವರಿಗೇ ಜಾಸ್ತಿ ಬೇಕು.

ಇನ್ನು ಅಳತೆಯ ವಿಷಯ. ನನ್ನ ಮಟ್ಟಿಗೆ ಮುಖ್ಯವಾದ ಹಂತ ಇದೇ. "ಚೆನ್ನಾಗಿ ಮಾಡಿದ್ರಿ ಸಿಸ್ಟರ್" ಅಂದರೆ ಯಾರೂ ಏನೂ ಕಲಿಯುವುದಿಲ್ಲ. ಆಳ, ವೇಗ ತೋರಿಸುವ ಮ್ಯಾನಿಕಿನ್ ಇದ್ದರೆ ಅದನ್ನೇ ಬಳಸಿ. ಇಲ್ಲವೆಂದು ಸುಮ್ಮನಿರಬೇಡಿ. ಸರಿಯಾದ ಆಳಕ್ಕೆ ಒತ್ತಿದಾಗ ಕ್ಲಿಕ್ ಎನ್ನುವ ಸಾದಾ ಮ್ಯಾನಿಕಿನ್ ಸಾಕು. ವೇಗಕ್ಕೆ ಮೊಬೈಲಿನಲ್ಲಿ ತಾಳ ಹಾಕುವ ಮೆಟ್ರೊನೋಮ್ ಆ್ಯಪ್ ಹಾಕಿ ನಿಮಿಷಕ್ಕೆ 110ಕ್ಕೆ ಇಡಿ. ಅದೂ ಬೇಡ ಅಂದರೆ ಗೋಡೆ ಗಡಿಯಾರ ನೋಡಿ: 30 ಒತ್ತು 15ರಿಂದ 18 ಸೆಕೆಂಡಿನಲ್ಲಿ ಮುಗಿಯಬೇಕು. 12 ಸೆಕೆಂಡಿಗೇ ಮುಗಿಯಿತಾ? ಗಾಬರಿಯಲ್ಲಿ ಓಡುತ್ತಿದ್ದೀರಿ, ಆಳವೂ ತಪ್ಪಿರುತ್ತದೆ. ಇನ್ನೊಬ್ಬರು ಪಕ್ಕದಲ್ಲಿ ಬಗ್ಗಿ ಅಂಗೈ ಬುಡವನ್ನೇ ನೋಡುತ್ತಿರಲಿ. ಒತ್ತಿನ ನಡುವೆ ಎದೆಯ ಮೇಲೆ ಭಾರ ಉಳಿಯುತ್ತಿದ್ದರೆ ತಕ್ಷಣ ಹೇಳಲಿ. ಇದು ಮಾಡುವವರಿಗೆ ತಿಳಿಯುವುದಿಲ್ಲ, ನೋಡುವವರಿಗೆ ಕಾಣುತ್ತದೆ. ಜೀವಂತ ವ್ಯಕ್ತಿಯ ಎದೆ ಒತ್ತಿ ಅಭ್ಯಾಸ ಮಾಡುವುದು ಮಾತ್ರ ಖಂಡಿತ ಬೇಡ.

ನೆಲದ ಮೇಲೆ ಸರಿ ಬಂದ ಕೈ ಮಂಚದ ಮೇಲೆ ತಪ್ಪುತ್ತದೆ. ಹಾಗಾಗಿ ಮ್ಯಾನಿಕಿನ್ ಅನ್ನು ಖಾಲಿ ಬೆಡ್ ಮೇಲೆ ಮಲಗಿಸಿ. ಒತ್ತಿದಾಗ ಹಾಸಿಗೆಯೂ ತಗ್ಗುತ್ತದೆ, ಬೆನ್ನಿನಡಿ ಹಲಗೆ ಯಾಕೆ ಬೇಕೆಂದು ಆಗ ತಾನಾಗಿ ಅರ್ಥವಾಗುತ್ತದೆ. ಕುಳ್ಳಗಿರುವವರ ಮೊಣಕೈ ಮಡಚಿಕೊಳ್ಳುತ್ತದೆ. ಮಂಚ ತಗ್ಗಿಸಿ, ಇಲ್ಲವೇ ಸ್ಟೂಲ್ ಕೊಡಿ. ಭುಜ ಕೈಯ ನೇರ ಮೇಲೆ ಬರಬೇಕು.

ಪ್ರತಿ ಎರಡು ನಿಮಿಷಕ್ಕೆ ಒತ್ತುವವರು ಬದಲಾಗಲಿ. ಏಪ್ರಿಲ್ ತಿಂಗಳ ಮಂಗಳೂರಿನ ಸೆಕೆಯಲ್ಲಿ ಎರಡು ನಿಮಿಷ ಒತ್ತಿ ನೋಡಿ, ಬೆವರು ಮ್ಯಾನಿಕಿನ್ ಮೇಲೆ ತೊಟ್ಟಿಕ್ಕುತ್ತದೆ. ಆದರೂ "ನಂಗೇನೂ ಸುಸ್ತಾಗಿಲ್ಲ" ಅನ್ನುವವರೇ ಹೆಚ್ಚು. ಸುಸ್ತು ಮಾತಿನಲ್ಲಿ ಕಾಣುವ ಮೊದಲೇ ಆಳದಲ್ಲಿ ಕಾಣುತ್ತದೆ. ಬದಲಾಗುವಾಗ, ಹೃದಯಕ್ಕೆ ಯಂತ್ರದಿಂದ ಶಾಕ್ ಕೊಡುವಾಗ ಒತ್ತುವುದು 10 ಸೆಕೆಂಡಿಗಿಂತ ಜಾಸ್ತಿ ನಿಲ್ಲಬಾರದು. ಒಬ್ಬರು ಜೋರಾಗಿ ಎಣಿಸಲಿ.

ವಾರ್ಡಿಗೆ ತಕ್ಕ ಪಾಠ ಇರಲಿ. ಮಕ್ಕಳ ವಾರ್ಡಿನಲ್ಲಿ ಇಬ್ಬರಿದ್ದರೆ 15 ಒತ್ತಿಗೆ 2 ಉಸಿರು, ಆಳ ಎದೆಯ ಮೂರನೇ ಒಂದು ಭಾಗದಷ್ಟು. ಹೆರಿಗೆ ವಾರ್ಡಿನಲ್ಲಿ, ಗರ್ಭಕೋಶ ಹೊಕ್ಕುಳಿನ ಮಟ್ಟಕ್ಕೆ ಅಥವಾ ಮೇಲೆ ಬಂದಿರುವ ಬಸುರಿಯಾದರೆ, ಒಬ್ಬರು ಒತ್ತುತ್ತಿರುವಾಗ ಇನ್ನೊಬ್ಬರು ಹೊಟ್ಟೆಯನ್ನು ಆಕೆಯ ಎಡಕ್ಕೆ ಸರಿಸಿ ಹಿಡಿಯಬೇಕು. ಇದನ್ನು ಕೈಯಲ್ಲಿ ಮಾಡಿಸಿಯೇ ಕಲಿಸಿ.

ಕೊನೆಗೆ, ನಿಜವಾದ ಕೋಡ್ ಬ್ಲೂ (ಹೃದಯ ನಿಂತಾಗ ಆಸ್ಪತ್ರೆಯಲ್ಲಿ ಕೊಡುವ ತುರ್ತು ಕರೆ) ಮುಗಿದ ಮೇಲೆ ಐದು ನಿಮಿಷ ಎಲ್ಲರೂ ಒಟ್ಟಿಗೆ ನಿಲ್ಲಿ. ಯಾವುದು ಸರಿಯಾಯಿತು, ಎಲ್ಲಿ ತಡವಾಯಿತು? ಮಾತು ಆಯಾ ಅಕ್ಕನಿಂದ ಶುರುವಾಗಲಿ, ಡಾಕ್ಟರು ಕೊನೆಗೆ ಮಾತಾಡಲಿ. ನಮ್ಮಲ್ಲಿ ಒಮ್ಮೆ ಹಾಗೆ ನಿಂತಾಗ ಆಯಾ ಅಕ್ಕ ಹೇಳಿದ್ದು ಒಂದೇ ಮಾತು: "ಸ್ಟೂಲ್ ಹುಡುಕ್ಲಿಕ್ಕೇ ಹೊತ್ತಾಯ್ತು." ಮರುದಿನದಿಂದ ಆ ಸ್ಟೂಲ್ ತುರ್ತು ಸಾಮಾನಿನ ಕ್ರ್ಯಾಶ್ ಕಾರ್ಟಿನ ಪಕ್ಕದಲ್ಲೇ ಇದೆ.