ಚೆಂಡನ್ನು ಬಿಟ್ಟು ಕೈಗಳನ್ನು ನೋಡುವುದು: ಜೆ.ಜೆ. ವಾಟ್ ಅವರ ಆಟವನ್ನು ನಾನು ಅಭ್ಯಾಸ ಮಾಡಿದ ಬಗೆ

ಹ್ಯೂಸ್ಟನ್ ಹೊರವಲಯದ ಒಂದು ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಪಂದ್ಯದ ವಿಡಿಯೊಗಳನ್ನು ಬಿಡಿಸಿ ಬರೆದುಕೊಡುವ ಕೆಲಸವನ್ನು ನಾನು ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ಮಾಡುತ್ತೇನೆ. ಪ್ರತಿ ಸ್ನ್ಯಾಪ್‌ಗೆ, ಅಂದರೆ ಚೆಂಡು ಕ್ವಾರ್ಟರ್‌ಬ್ಯಾಕ್ (ಚೆಂಡನ್ನು ಎಸೆದು ಆಕ್ರಮಣವನ್ನು ನಡೆಸುವ ಆಟಗಾರ) ಕೈಗೆ ಹೋಗಿ ಆಟ ಶುರುವಾಗುವ ಪ್ರತಿ ಸಲಕ್ಕೂ, ರಕ್ಷಣಾ ಸಾಲಿನ ಹುಡುಗರು ಎಲ್ಲಿ ನಿಂತಿದ್ದರು, ಮೊದಲ ಹೆಜ್ಜೆ ಯಾವ ಕಡೆ ಇಟ್ಟರು, ಅವರ ಕೈ ಎದುರಾಳಿಯ ಮೈಮೇಲೆ ಎಲ್ಲಿ ಬಿತ್ತು ಎಂಬುದನ್ನು ಹಾಳೆಗಿಳಿಸಬೇಕು. ಈ ಆಟವನ್ನು ಆಡದೆ ಬೆಳೆದವನಾದ್ದರಿಂದ, ಕಣ್ಣನ್ನು ಪಳಗಿಸಿಕೊಳ್ಳಲು ಒಬ್ಬರೇ ಆಟಗಾರರನ್ನು ಆರಿಸಿಕೊಂಡು ಅವರ ವೃತ್ತಿಜೀವನವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆ. ಅವರೇ ನಮ್ಮೂರಿನ ವೃತ್ತಿಪರ ತಂಡವಾದ ಟೆಕ್ಸನ್ಸ್‌ನಲ್ಲಿ ಡಿಫೆನ್ಸಿವ್ ಎಂಡ್ (ರಕ್ಷಣಾ ಸಾಲಿನ ತುದಿಯ ಆಟಗಾರ) ಆಗಿದ್ದ ಜೆ.ಜೆ. ವಾಟ್.

ಆಯ್ಕೆಗೆ ಊರಿನ ಅಭಿಮಾನವೊಂದೇ ಕಾರಣವಲ್ಲ. ಸೆಂಟ್ರಲ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಅವರು ಆಡುತ್ತಿದ್ದುದು ಆಕ್ರಮಣ ಪಡೆಯಲ್ಲಿ, ಎದುರಾಳಿಗಳನ್ನು ತಡೆಯುವ ಜೊತೆಗೆ ಎಸೆದ ಚೆಂಡನ್ನೂ ಹಿಡಿಯುವ ಟೈಟ್ ಎಂಡ್ ಆಗಿ. ಅಲ್ಲಿನ ವಿದ್ಯಾರ್ಥಿವೇತನವನ್ನು ಬಿಟ್ಟು, ಯಾವ ಭರವಸೆಯೂ ಇಲ್ಲದೆ ವಿಸ್ಕಾನ್ಸಿನ್ ತಂಡ ಸೇರಿ ರಕ್ಷಣೆಯ ಪಾಠವನ್ನು ಹೊಸದಾಗಿ ಕಲಿತರು. 2011ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) 11ನೆಯವರಾಗಿ ಹ್ಯೂಸ್ಟನ್‌ಗೆ ಬಂದರು. ತಡವಾಗಿ ಕಲಿತವರ ಆಟದಲ್ಲಿ ಕಲಿಕೆಯ ಮೆಟ್ಟಿಲುಗಳು ಹೆಚ್ಚು ಸ್ಪಷ್ಟವಾಗಿ ಕಾಣಿಸುತ್ತವೆ ಎಂಬುದು ನನ್ನ ನಂಬಿಕೆ.

ಟಿವಿಯ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುವುದರಿಂದ ಈ ಕೆಲಸಕ್ಕೆ ಅಷ್ಟಾಗಿ ಒದಗುವುದಿಲ್ಲ. ಇಪ್ಪತ್ತೆರಡೂ ಆಟಗಾರರು ಒಟ್ಟಿಗೆ ಕಾಣುವಂತೆ ಎತ್ತರದಿಂದ ತೆಗೆದ, ತರಬೇತುದಾರರು ಬಳಸುವ ವಿಡಿಯೊ ಬೇಕು. ಅದರಲ್ಲಿ ಒಂದೊಂದು ಸ್ನ್ಯಾಪನ್ನೂ ಮೊದಲು ಮಾಮೂಲಿ ವೇಗದಲ್ಲಿ, ಆಮೇಲೆ ಚೌಕಟ್ಟು ಚೌಕಟ್ಟಾಗಿ ನೋಡುತ್ತಿದ್ದೆ. ವಾಟ್ ಹೆಚ್ಚಾಗಿ ಬಳಸುತ್ತಿದ್ದ ‘ಸ್ವಿಮ್’ ಪಟ್ಟು ಹೀಗೆ ನೋಡಿದಾಗಲೇ ಅರ್ಥವಾಗುವಂಥದ್ದು. ಅವರು ಕ್ವಾರ್ಟರ್‌ಬ್ಯಾಕನ್ನು ಕಾಯುವ ಸಾಲಿನ ಗಾರ್ಡ್ ಮತ್ತು ಅವನ ಪಕ್ಕದ ಟ್ಯಾಕಲ್ ನಡುವಿನ ಸಂದಿಗೆ ಎದುರಾಗಿ ನಿಂತಿರುತ್ತಾರೆ. ಗಾರ್ಡ್ ಎರಡೂ ಕೈಗಳನ್ನು ಅವರ ಎದೆಗೆ ಚಾಚಿದ ಕ್ಷಣದಲ್ಲಿ ಒಂದು ಕೈಯಿಂದ ಅವನ ಮೊಣಕೈಯನ್ನು ಪಕ್ಕಕ್ಕೆ ಹೊಡೆದು, ಇನ್ನೊಂದು ತೋಳನ್ನು ಅವನ ಭುಜದ ಮೇಲಿಂದ ಈಜುವವರಂತೆ ದಾಟಿಸಿ, ಸೊಂಟವನ್ನು ತಿರುಗಿಸಿ ನುಸುಳುತ್ತಾರೆ. ಇಷ್ಟೆಲ್ಲ ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ. ಹೊಡೆಯುವ ಕೈಯೂ ದಾಟುವ ಕಾಲೂ ಒಂದೇ ಚೌಕಟ್ಟಿನಲ್ಲಿ ಬೀಳುವುದೇ ಇದರ ಜೀವಾಳ. ನಮ್ಮ ಶಾಲೆಯ ಹುಡುಗರಲ್ಲಿ ಕೈ ಮೊದಲು ಹೋಗಿ ಕಾಲು ತಡವಾಗುತ್ತದೆ, ಅಷ್ಟರಲ್ಲಿ ಗಾರ್ಡ್ ಮತ್ತೆ ಹಿಡಿತ ಸಾಧಿಸಿರುತ್ತಾನೆ.

ಅವರಿಂದ ಕಲಿತ ಎರಡನೆಯ ಸಂಗತಿ ಎಸೆತವನ್ನು ತಡೆಯುವುದು. 2012ರಲ್ಲಿ 20.5 ಸ್ಯಾಕ್‌ಗಳ (ಎಸೆಯುವ ಮುನ್ನವೇ ಕ್ವಾರ್ಟರ್‌ಬ್ಯಾಕನ್ನು ಕೆಡವುವುದು) ಜೊತೆಗೆ 16 ಪಾಸ್‌ಗಳನ್ನು ಅವರು ಹಾಳುಮಾಡಿದರು. ಸಾಲಿನಲ್ಲಿ ನಿಂತು ಆಡುವವರಿಗೆ ಇದು ಅಸಾಧಾರಣ ಸಂಖ್ಯೆ. ಕ್ವಾರ್ಟರ್‌ಬ್ಯಾಕ್ ಎಸೆಯುವ ಮುನ್ನ ಚೆಂಡಿಗೆ ಆಸರೆಯಾಗಿರುವ ಕೈಯನ್ನು ತೆಗೆಯಲೇಬೇಕು. ಅವನನ್ನು ಮುಟ್ಟಲು ಸಮಯವಿಲ್ಲವೆಂದು ಗೊತ್ತಾದ ಕೂಡಲೇ ನುಗ್ಗುವುದನ್ನು ನಿಲ್ಲಿಸಿ, ಆ ಕೈ ಸರಿಯುವುದನ್ನು ಕಾದು, ತಮ್ಮ ಕೈಯನ್ನು ಎಸೆತದ ದಾರಿಗೆ ಎತ್ತಬೇಕು. 2012ರ ಜನವರಿ 7ರಂದು, ಟೆಕ್ಸನ್ಸ್ ತಂಡ ಆಡಿದ ಮೊಟ್ಟಮೊದಲ ಪ್ಲೇಆಫ್ ಪಂದ್ಯದಲ್ಲಿ, ಸಿನ್ಸಿನಾಟಿಯ ಆಂಡಿ ಡಾಲ್ಟನ್ ಎಸೆದ ಚೆಂಡನ್ನು ಅವರು ಹೀಗೆ ಹತ್ತಿರದಿಂದಲೇ ಕೈಯಲ್ಲಿ ಹಿಡಿದು 29 ಗಜ ಓಡಿ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿ ಅಂಕ ಗಳಿಸುವುದು) ಮಾಡಿದರು. ಹಳೆಯ ಟೈಟ್ ಎಂಡ್ ಅಲ್ಲವೇ, ಹಿಡಿಯುವುದು ಮರೆತಿರಲಿಲ್ಲ.

ಅಂಕಿಗಳ ವಿಷಯದಲ್ಲಿ ನಾನು ಒಂದು ಕ್ರಮವನ್ನು ಇಟ್ಟುಕೊಂಡೆ: ಋತುವಿನ ವಿಡಿಯೊ ನೋಡಿ ಮುಗಿಸುವವರೆಗೆ ಆ ಋತುವಿನ ಸ್ಯಾಕ್ ಸಂಖ್ಯೆಯನ್ನು ನೋಡುತ್ತಿರಲಿಲ್ಲ. ಒಂದು ತುದಿಯಿಂದ ರನ್ ಕೊಡದೆ ಕಟ್ಟಿಹಾಕಿದ ಬೌಲರನ ಶ್ರಮ ವಿಕೆಟ್ ಕಾಲಮ್ಮಿನಲ್ಲಿ ಕಾಣದಿರುವಂತೆ, ತಡೆಯಲು ಬಂದ ಇಬ್ಬರು ಬ್ಲಾಕರ್‌ಗಳನ್ನು ತನ್ನ ಮೇಲೆ ಎಳೆದುಕೊಂಡು ಪಕ್ಕದವನಿಗೆ ದಾರಿ ಮಾಡಿಕೊಟ್ಟವನ ಕೆಲಸ ಸ್ಯಾಕ್ ಪಟ್ಟಿಯಲ್ಲಿ ಕಾಣುವುದಿಲ್ಲ. 2013ರಲ್ಲಿ ತಂಡ ಎರಡು ಪಂದ್ಯ ಗೆದ್ದು ಹದಿನಾಲ್ಕು ಸೋತಿತು, ವಾಟ್ ಅವರ ಸ್ಯಾಕ್‌ಗಳು 10.5ಕ್ಕೆ ಇಳಿದವು. ಆದರೆ ಕಲಿಯುವವನಿಗೆ, ನನ್ನ ದೃಷ್ಟಿಯಲ್ಲಿ, ಐದು ಟಚ್‌ಡೌನ್‌ಗಳ ಸಂಭ್ರಮದ 2014ಕ್ಕಿಂತ ಆ ಸೋಲಿನ ವರ್ಷವೇ ಹೆಚ್ಚು ಉಪಯುಕ್ತ, ಏಕೆಂದರೆ ಗೆಲುವಿನ ಸದ್ದಿಲ್ಲದಿರುವಾಗ ನೋಡುವವನ ಕಣ್ಣು ಕೈಕಾಲುಗಳ ಮೇಲೆಯೇ ನಿಲ್ಲುತ್ತದೆ.

ಗಾಯದ ವರ್ಷಗಳನ್ನು ಪ್ರತ್ಯೇಕವಾಗಿ ಬರೆದಿಟ್ಟೆ. 2016ರಲ್ಲಿ ಬೆನ್ನಿನ ತೊಂದರೆಯಿಂದ ಮೂರೇ ಪಂದ್ಯ, 2017ರಲ್ಲಿ ಎಡಗಾಲಿನ ಮೂಳೆ ಮುರಿದು ಐದೇ ಪಂದ್ಯ. (ಈ ಊರಿನವರು ಆ ವರ್ಷವನ್ನು ನೆನೆಯುವುದು ಹಾರ್ವಿ ಚಂಡಮಾರುತದ ಸಂತ್ರಸ್ತರಿಗಾಗಿ ಅವರು ಕೂಡಿಸಿದ 4 ಕೋಟಿ ಡಾಲರಿಗೂ ಮಿಕ್ಕ ಹಣಕ್ಕಾಗಿ.) ಮರುವರ್ಷವೇ 16 ಸ್ಯಾಕ್ ಮಾಡಿ, ಏಳು ಸಲ ಎದುರಾಳಿಯ ಕೈಯಿಂದ ಚೆಂಡನ್ನು ಬೀಳಿಸಿದರು. 2019ರಲ್ಲಿ ಎದೆಯ ಸ್ನಾಯು ಹರಿಯಿತು. 2022ರಲ್ಲಿ ಅರಿಜೋನಾ ಕಾರ್ಡಿನಲ್ಸ್ ಪರ ಆಡುತ್ತಿದ್ದಾಗ ಹೃದಯದ ಬಡಿತ ಏರುಪೇರಾಗಿ, ಗುರುವಾರ ವಿದ್ಯುತ್ ಆಘಾತದ ಚಿಕಿತ್ಸೆ ಪಡೆದು ಭಾನುವಾರ ಮೈದಾನಕ್ಕಿಳಿದರು. ಇದನ್ನು ನಾನು ಹುಡುಗರಿಗೆ ಆದರ್ಶವೆಂದು ಹೇಳುವುದಿಲ್ಲ. ಆ ಋತುವಿನಲ್ಲಿ 12.5 ಸ್ಯಾಕ್ ಮಾಡಿ, ಒಟ್ಟು 114.5ಕ್ಕೆ ಅವರು ಆಟ ನಿಲ್ಲಿಸಿದರು.

ಹುಡುಗರಿಗೆ ತೋರಿಸುವಾಗ ತುಣುಕುಗಳನ್ನು ಸ್ಯಾಕ್ ಆಗುವುದಕ್ಕೆ ಮೊದಲೇ ಕತ್ತರಿಸುತ್ತೇನೆ. ಇಲ್ಲವಾದರೆ ಎಲ್ಲರೂ ಸಂಭ್ರಮದ ಕುಣಿತವನ್ನಷ್ಟೇ ನೋಡುತ್ತಾರೆ. ಪಾಸ್ ತಡೆಯುವ ತುಣುಕುಗಳನ್ನು ಎಲ್ಲರಿಗೂ ತೋರಿಸುವುದಿಲ್ಲ. ಆರೂವರೆ ಅಡಿಗೆ ಒಂದೇ ಇಂಚು ಕಡಿಮೆಯಿರುವ ವಾಟ್ ಅವರ ತೋಳು ತಲುಪುವ ಎತ್ತರಕ್ಕೆ ನಮ್ಮಲ್ಲಿ ಬಹುಪಾಲು ಹುಡುಗರ ತೋಳು ತಲುಪುವುದಿಲ್ಲ. ಅಂಥವರಿಗೆ ಆರಡಿ ಒಂದು ಇಂಚಿನ ಆರನ್ ಡೊನಾಲ್ಡ್ ಅವರು ರ‍್ಯಾಮ್ಸ್ ತಂಡದಲ್ಲಿ ಗಾರ್ಡ್‌ಗಳ ಕೈಕೆಳಗೆ ತಗ್ಗಿ ನುಗ್ಗಿದ ತುಣುಕುಗಳನ್ನು ಈಗ ಬೇರೆಯಾಗಿ ಸಿದ್ಧಪಡಿಸುತ್ತಿದ್ದೇನೆ.