ಕೋಲಾರದಲ್ಲಿ ಸಮುದ್ರ ಇಡಕ್ಕೆ ಹೋಗಿ ಪಾಚಿ ಬೆಳೆದಿದ್ದು - ನನ್ನ ಅನುಭವ

ಸಾವಿರ ಅಡಿ ಕೊರೆಸಿದ್ರೂ ಬೋರಲ್ಲಿ ನೀರು ಬರತ್ತೋ ಇಲ್ವೋ ಅನ್ನೋ ಊರು ನಮ್ದು. ಅಂಥಾ ಕಡೆ ಕೂತ್ಕೊಂಡು ಹಾಲ್‌ನಲ್ಲಿ ಸಮುದ್ರ ಮಾಡ್ತೀನಿ ಅಂದ್ರೆ ಮನೇಲಿ ಬೈಯ್ದೆ ಇರ್ತಾರಾ, ಬೈದ್ರು. ಆದ್ರೂ ಜನವರೀಲಿ ಸಮುದ್ರದ ಮೀನು, ಹವಳ ಸಾಕೋ ಉಪ್ಪುನೀರಿನ ಟ್ಯಾಂಕ್ ತಂದೆ. ಎರಡೂವರೆ ಅಡಿ ಉದ್ದ, ಅಗಲ ಎತ್ತರ ಒಂದೂವರೆ ಅಡಿ, ಕಲ್ಲು ಮರಳು ಹಾಕಿದ್ಮೇಲೆ ನೀರು ಹಿಡಿಯೋದು ಸುಮಾರು 130 ಲೀಟರ್. ಒಣಗಿದ ಕಲ್ಲು, ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯೋ ಒಂದು ಸ್ಕಿಮ್ಮರ್, ನೀರು ಓಡಾಡಿಸೋ ಒಂದು ಪವರ್‌ಹೆಡ್, ಎಲ್‌ಇಡಿ ಲೈಟು. ಐದು ವಾರ ಸೈಕಲ್ ಆಗಕ್ಕೆ, ಅಂದ್ರೆ ಮೀನಿನ ಕೊಳೆ ತಿನ್ನೋ ಬ್ಯಾಕ್ಟೀರಿಯಾ ಬೆಳೆಯಕ್ಕೆ ಬಿಟ್ಟು ಆಮೇಲೆ ಎರಡು ಕ್ಲೌನ್ ಮೀನು, ಒಂದಿಷ್ಟು ಜೋವಾ, ಮಶ್ರೂಮ್ ಅನ್ನೋ ಮೆತ್ತನೆ ಹವಳ ಬಿಟ್ಟೆ. ಗಟ್ಟಿ ಹವಳದ ತಂಟೆಗೆ ನಾನು ಹೋಗಲಿಲ್ಲ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲಿ ರೀಫ್ (ಸಮುದ್ರದೊಳಗಿನ ಹವಳದ ದಿಬ್ಬ) ಕಟ್ಟೋ ಗಟ್ಟಿ ಹವಳಗಳು ಹುಲಿ ಇರೋ ಶೆಡ್ಯೂಲ್ ಒಂದರಲ್ಲೇ ಇವೆ, ರಾಮೇಶ್ವರಕ್ಕೆ ಹೋದಾಗ ಬೀಚಿಂದ ಒಂದು ತುಂಡು ಎತ್ಕೊಂಡು ಬಂದೆ ಅನ್ನೋರಿಗೆ ಇದು ಗೊತ್ತಿರಲ್ಲ.

ಮೊದಲು ಬಂದಿದ್ದು ಕಂದು ಪುಡಿ. ಮರಳ ಮೇಲೆ ಕಾಫಿಪುಡಿ ಚೆಲ್ಲಿದಂಗೆ. ಇದು ಡಯಾಟಮ್ ಅನ್ನೋ ಸೂಕ್ಷ್ಮ ಪಾಚಿ, ಹೊಸ ಟ್ಯಾಂಕಲ್ಲಿ ಎಲ್ರಿಗೂ ಬರತ್ತೆ, ನೀರಲ್ಲಿರೋ ಸಿಲಿಕೇಟ್ ತಿಂದು ಮುಗಿಸಿ ತಾನೇ ಹೋಗತ್ತೆ ಅಂತ ಗೊತ್ತಿತ್ತು, ಸುಮ್ನಿದ್ದೆ. ಎರಡು ವಾರ ಆಯ್ತು, ನಾಲ್ಕು ವಾರ ಆಯ್ತು, ಹೋಗೋ ಲಕ್ಷಣಾನೇ ಇಲ್ಲ. ಯುಗಾದಿ ಹೊತ್ತಿಗೆ ಕಲ್ಲಿನ ಮೇಲೆ ಹಸಿರು ಕೂದಲು ಶುರುವಾಯ್ತು. ಹದಿನೈದು ದಿನದಲ್ಲಿ ಎರಡಿಂಚು ಬೆಳೆದು ಪಂಪಿನ ಹೊಡೆತಕ್ಕೆ ಓಲಾಡ್ತಾ ಇತ್ತು, ನಿಜ ಹೇಳ್ಬೇಕಂದ್ರೆ ನೋಡಕ್ಕೆ ಚೆನ್ನಾಗೇ ಇತ್ತು, ಜೋವಾ ಮಾತ್ರ ಅದರಡಿ ಮುಚ್ಚೋಗಿ ಬಾಯೇ ಬಿಡ್ತಿರಲಿಲ್ಲ.

ಟೆಸ್ಟ್ ಕಿಟ್ ತಗೊಂಡು ನೋಡಿದ್ರೆ ಪಾಚಿಗೆ ಗೊಬ್ಬರ ಆಗೋ ನೈಟ್ರೇಟ್ ಸೊನ್ನೆ, ಫಾಸ್ಫೇಟ್ 0.02. ನೀರು ಇಷ್ಟು ಕ್ಲೀನಾಗಿದೆ, ಪಾಚಿ ಏನು ತಿಂದು ಬೆಳೀತಿದೆ ಅಂತ ತಲೆ ಕೆಡ್ತು. ಹೊಸಬರು ಎಲ್ರೂ ಬೀಳೋ ಹಳ್ಳ ಇದೇ. ಟೆಸ್ಟ್ ತೋರ್ಸೋದು ತಿಂದು ಮಿಕ್ಕಿದ್ದನ್ನ ಮಾತ್ರ. ಬಂದಿದ್ದನ್ನೆಲ್ಲಾ ಪಾಚಿ ಆಗಿಂದಾಗ್ಲೇ ಹೀರ್ಕೊಂಡು ತನ್ನ ಮೈಯಲ್ಲೇ ಇಟ್ಕೊಂಡಿರತ್ತೆ, ಮಿಕ್ಕಿದ್ದು ಸೊನ್ನೆ.

ನಮ್ಮ ಚಿಕ್ಕಪ್ಪ ಟೊಮೇಟೊ ಬೆಳೀತಾರೆ, ಒಂದಿನ ಎಪಿಎಂಸಿಗೆ ಲೋಡ್ ಇಳಿಸಿ ಮನೆಗೆ ಬಂದವ್ರು ಟ್ಯಾಂಕ್ ಮುಂದೆ ನಿಂತು "ಏನೋ, ಮೀನು ಸಾಕ್ತೀನಿ ಅಂದೋನು ಹುಲ್ಲು ಸಾಕಿದ್ದೀಯಲ್ಲೋ" ಅಂದ್ರು. ಕಥೆ ಎಲ್ಲಾ ಹೇಳಿದೆ. "ಮಲ್ಚಿಂಗ್ ಹಾಕು, ಬೆಳಕಿಲ್ದೇ ಇದ್ರೆ ಕಳೆ ಎಲ್ಲಿಂದ ಬರತ್ತೆ" ಅಂದ್ರು. ಅವ್ರು ತಮಾಷೆಗೆ ಅಂದಿದ್ದು, ಆದ್ರೆ ನಿಜವಾಗ್ಲೂ ಹಂಗೊಂದು ಉಪಾಯ ಇದೆ, ಬ್ಲ್ಯಾಕ್‌ಔಟ್ ಅಂತಾರೆ. ಲೈಟ್ ಆಫ್ ಮಾಡಿ ಮೂರು ದಿನ ಕಂಬಳಿ ಹೊದಿಸಿದೆ. ನಾಲ್ಕನೇ ದಿನ ತೆಗೆದ್ರೆ ಪಾಚಿ ಬೆಳ್ಳಗಾಗಿ ಸೊರಗಿತ್ತು, ನಂಗೆ ಖುಷಿಯೋ ಖುಷಿ. ಹತ್ತೇ ದಿನ, ಎಲ್ಲಾ ವಾಪಸ್. ಸತ್ತ ಪಾಚಿ ಅಲ್ಲೇ ಕೊಳೆತು ತಿಂದಿದ್ದನ್ನೆಲ್ಲಾ ನೀರಿಗೇ ಕಕ್ಕತ್ತೆ, ಉಳಿದಿರೋ ಬೇರು ಅದನ್ನೇ ತಿಂದು ಚಿಗುರತ್ತೆ. ಚಿಕ್ಕಪ್ಪಂಗೆ ಫೋನ್ ಮಾಡಿ ಹೇಳಿದ್ರೆ "ಗೊಬ್ಬರ ಎಲ್ಲಿಂದ ಬರ್ತಿದೆ ಅದನ್ನ ಮೊದ್ಲು ನೋಡು ಮಾರಾಯ" ಅಂದ್ರು.

ಗೊಬ್ಬರ ಬರ್ತಿದ್ದಿದ್ದು ನಾನು ದಿನಾ ಹೊತ್ಕೊಂಡು ಬರ್ತಿದ್ದ ಕ್ಯಾನಿಂದ. ನಮ್ಮ ಬೋರ್ ನೀರಿನ ಟಿಡಿಎಸ್ (ಲೀಟರಲ್ಲಿ ಕರಗಿರೋ ಲವಣ ಎಷ್ಟು ಮಿಲಿಗ್ರಾಂ ಅನ್ನೋ ಲೆಕ್ಕ) 1100, ಬಕೆಟ್ಟೆಲ್ಲಾ ಬಿಳಿ ಕಟ್ಟತ್ತೆ, ಅದನ್ನ ಟ್ಯಾಂಕಿಗೆ ಹಾಕೋ ಅಷ್ಟು ದಡ್ಡ ನಾನಲ್ಲ. ಬೀದಿ ಕೊನೇಲಿ ಶುದ್ಧ ನೀರಿನ ಘಟಕ ಇದೆ, ಕಾಯಿನ್ ಹಾಕಿದ್ರೆ ಇಪ್ಪತ್ತು ಲೀಟರ್ ಕ್ಯಾನ್ ತುಂಬತ್ತೆ, ಆರ್‌ಓ ನೀರು ತಾನೇ ಅಂತ ಅದನ್ನೇ ತರ್ತಿದ್ದೆ. ಒಂದು ಟಿಡಿಎಸ್ ಪೆನ್ ತರಿಸಿ ಅದ್ದಿ ನೋಡಿದ್ರೆ 92! ಇದ್ರಲ್ಲಿ ಘಟಕದವ್ರ ತಪ್ಪೇನೂ ಇಲ್ಲ, ಪೂರ್ತಿ ಸೊನ್ನೆ ಮಾಡಿದ್ರೆ ನೀರು ಸಪ್ಪೆ ಅಂತ ಕುಡಿಯೋ ಆರ್‌ಓಗಳಲ್ಲಿ ಸ್ವಲ್ಪ ಸೋಸದೇ ಇರೋ ನೀರನ್ನ ವಾಪಸ್ ಬೆರೆಸ್ತಾರೆ, ಮನೆ ಮೆಷಿನ್‌ಗಳಲ್ಲೂ ಟಿಡಿಎಸ್ ತಿರುಗಿಸೋ ಸ್ಕ್ರೂ ಇರೋದು ಅದಕ್ಕೇ. ಮನುಷ್ಯರಿಗೆ ಒಳ್ಳೇದು. ಟ್ಯಾಂಕಿಗೆ ಆ 92ರಲ್ಲಿ ನೈಟ್ರೇಟ್ ಎಷ್ಟು ಸಿಲಿಕೇಟ್ ಎಷ್ಟು ಯಾರಿಗ್ಗೊತ್ತು.

ಈಗ ಒಂದು ಲೆಕ್ಕ ಹಾಕಿ. ಏಪ್ರಿಲ್ ಬಿಸಿಲಿಗೆ ನೀರು 29 ಡಿಗ್ರಿಗೆ ಹೋಗ್ತಿತ್ತು, 26ಕ್ಕೆ ಇಳಿಸಕ್ಕೆ ಅಂತ ಮೇಲೆ ಫ್ಯಾನ್ ಇಟ್ಟಿದ್ದೆ, ಫ್ಯಾನ್ ಇಟ್ರೆ ದಿನಕ್ಕೆ ಮೂರು ಲೀಟರ್ ಆವಿ. ಹೋಗೋದು ಬರೀ ನೀರು, ಉಪ್ಪೂ ಕಸಾನೂ ಒಳಗೇ ಉಳಿಯತ್ತೆ, ಅದಕ್ಕೇ ಕಮ್ಮಿ ಆದಷ್ಟು ಸಿಹಿನೀರು ತುಂಬ್ಬೇಕು. ತಿಂಗಳಿಗೆ 90 ಲೀಟರ್, ಲೀಟರ್‌ಗೆ 92 ಮಿಲಿಗ್ರಾಂ, ಅಂದ್ರೆ ಎಂಟು ಗ್ರಾಂ ಮೇಲೆ ಏನೇನೋ ಪುಡಿನ ನನ್ನ ಕೈಯಾರೆ ಆ 130 ಲೀಟರ್‌ಗೆ ಸುರೀತಿದ್ದೆ. ಡಯಾಟಮ್ ಯಾಕೆ ಹೋಗಲಿಲ್ಲ ಅಂತ ಆಗ ಅರ್ಥ ಆಯ್ತು, ದಿನಾ ಊಟ ಬಡಿಸ್ತಿದ್ರೆ ಯಾರು ಹೋಗ್ತಾರೆ.

ಬೋರ್ ನೀರನ್ನ ನೇರ ಆರ್‌ಓ ಒಳಗೆ ಸೋಸೋ ಮೆಂಬ್ರೇನ್‌ಗೆ ಬಿಟ್ರೆ ಬೇಗ ಕಟ್ಕೊಳ್ಳತ್ತೆ, ಅದಕ್ಕೇ ಘಟಕದ ನೀರನ್ನೇ ಇನ್ನೊಂದ್ಸಲ ಸಣ್ಣ ಆರ್‌ಓಗೆ ಕೊಟ್ಟು, ಅದರ ಹಿಂದೆ ಮಿಕ್ಕಿದ ಲವಣಾನೂ ಹಿಡ್ಕೊಳ್ಳೋ ಡಿಐ ರೆಸಿನ್ ಸಿಲಿಂಡರ್ ಹಾಕಿದೆ. 92 ಹೋಗಿ 4, ರೆಸಿನ್ ದಾಟಿದ್ಮೇಲೆ 0. ವೇಸ್ಟ್ ನೀರು ನೆಲ ಒರೆಸಕ್ಕೆ, ಇಲ್ಲಾಂದ್ರೆ ಅಮ್ಮ ಆ ಮೆಷಿನ್ನೇ ಆಚೆಗೆ ಎಸೀತಿದ್ರು. ಪೆನ್ನಲ್ಲಿ 1 ಕಾಣಿಸಿದ್ರೂ ರೆಸಿನ್ ಬದಲಾಯಿಸ್ತೀನಿ, ಯಾಕಂದ್ರೆ ರೆಸಿನ್ ಮುಗೀತಾ ಬಂದಾಗ ಮೊದಮೊದಲು ಜಾರೋ ಸಾಮಾನಲ್ಲಿ ಸಿಲಿಕೇಟೂ ಒಂದು. ಜೊತೆಗೆ ಮೀನಿಗೆ ಹಾಕೋ ಫ್ರೋಜನ್ ಮೈಸಿಸ್ (ಪುಟ್ಟ ಸಿಗಡಿ) ಕರಗಿದ ನೀರನ್ನ ಸುರಿಯೋದು ನಿಲ್ಸಿದೆ, ಟೀ ಜಾಲರಿಲಿ ತೊಳೆದು ಸಿಗಡಿ ಮಾತ್ರ ಹಾಕ್ದೆ. ದಿನಕ್ಕೆ ಹತ್ತು ಗಂಟೆ ಉರೀತಿದ್ದ ಲೈಟನ್ನ ಏಳು ಗಂಟೆಗೆ ಇಳಿಸಿದೆ, ಬಿಳಿ ಕಮ್ಮಿ ನೀಲಿ ಜಾಸ್ತಿ.

ಇಲ್ಲಿಗೆ ನಿಲ್ಸಿದ್ರೆ ಜಾಣ ಅನ್ನಿಸ್ಕೋತಿದ್ದೆ. ಎರಡು ವಾರಕ್ಕೆ ಪಾಚಿ ಹೋಗಲಿಲ್ಲ ಅಂತ ಅವಸರ ಬಿದ್ದು ಫಾಸ್ಫೇಟ್ ಹೀರೋ ಜಿಎಫ್‌ಓ ಅನ್ನೋ ಕಬ್ಬಿಣದ ಕಾಳನ್ನ ಪ್ಯಾಕೆಟ್ ಮೇಲೆ ಹೇಳಿದ್ದಕ್ಕೆ ಡಬಲ್ ಹಾಕ್ದೆ. ಹಸಿರು ಕೂದಲು ತೆಳುವಾಯ್ತು, ಜೋವಾ ಬಣ್ಣ ಬಿಳಚ್ಕೊಂಡ್ತು, ಜೂನ್ ಕೊನೇಲಿ ಮರಳ ಮೇಲೆ ಕಂದು ಬಣ್ಣದ ಸಿಂಬಳ, ಅದರ ತುದೀಲಿ ಗಾಳಿಗುಳ್ಳೆ. ಬೆಳಗ್ಗೆ ಇಲ್ಲ, ಮಧ್ಯಾಹ್ನಕ್ಕೆ ಟ್ಯಾಂಕೆಲ್ಲಾ. ಪಾಚಿ ತಿನ್ನೋ ಟರ್ಬೋ ಸ್ನೇಲ್ (ಬಸವನಹುಳು) ಎಂಟಿದ್ವು, ಒಂದೊಂದೇ ಮಗುಚಿ ಬೀಳಕ್ಕೆ ಶುರು, ಮೂರು ಸತ್ವು.

ಇದು ಡೈನೋ ಇರ್ಬೇಕು, ಡೈನೋಫ್ಲಾಜೆಲೇಟ್ ಅನ್ನೋ ಸೂಕ್ಷ್ಮಜೀವಿ, ಆದ್ರೆ ಸಯನೋ ಅನ್ನೋ ಬ್ಯಾಕ್ಟೀರಿಯಾ ಪೊರೆ ಕೂಡ ಒಂದೊಂದ್ಸಲ ಹಿಂಗೇ ಕಾಣತ್ತೆ. ಕಂಡುಹಿಡಿಯಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಆ ಸಿಂಬಳನ ಟ್ಯಾಂಕ್ ನೀರಿನ ಜೊತೆ ಬಾಟ್ಲಲ್ಲಿ ಹಾಕಿ ಜೋರಾಗಿ ಕುಲುಕಿ, ಕಾಫಿ ಫಿಲ್ಟರಲ್ಲಿ ಸೋಸಿ, ಸೋಸಿದ ನೀರನ್ನ ಲೈಟ್ ಕೆಳಗೆ ಒಂದು ಗಂಟೆ ಇಡೋದು. ಕಾಫಿ ಫಿಲ್ಟರ್ ಅಂದ್ರೆ ಪೇಪರ್‌ದು, ನಾನು ನಮ್ಮನೆ ಸ್ಟೀಲ್ ಫಿಲ್ಟರ್ ಎತ್ಕೊಂಡು ಹೋಗಿ ಅಮ್ಮನ ಕೈಲಿ ಮಂಗಳಾರತಿ ಮಾಡಿಸ್ಕೊಂಡಿದ್ದು ಬೇರೆ ಕಥೆ, ಆಮೇಲೆ ಟಿಶ್ಯೂ ಪೇಪರಲ್ಲಿ ಸೋಸಿದೆ. ಒಂದು ಗಂಟೇಲಿ ತಿಳಿ ನೀರಲ್ಲಿ ಮತ್ತೆ ದಾರ ದಾರ ಕಟ್ಕೊಂಡಿತ್ತು. ಡೈನೋನೇ.

ಡೈನೋ ಮೆರೆಯೋದು ನೈಟ್ರೇಟ್ ಫಾಸ್ಫೇಟ್ ಎರಡೂ ನೆಲಕಚ್ಚಿದಾಗ, ಪೈಪೋಟಿ ಕೊಡೋ ಬೇರೆ ಜೀವಿಗಳೆಲ್ಲಾ ಉಪವಾಸ ಬಿದ್ದಿರ್ತವಲ್ಲ ಆವಾಗ. ಅಂದ್ರೆ ಔಷಧಿ ಉಲ್ಟಾ, ಕೊಳೆ ಜಾಸ್ತಿ ಮಾಡ್ಬೇಕು! ಜಿಎಫ್‌ಓ ಕಿತ್ತೆ, ಮೀನಿಗೆ ಊಟ ಡಬಲ್ ಮಾಡಿದೆ, ಮೂರು ವಾರ ನೀರು ಬದಲಾಯಿಸಲಿಲ್ಲ, ಮಧ್ಯಾಹ್ನ ಗುಳ್ಳೆ ಎದ್ದಾಗ ಸಣ್ಣ ಪೈಪಲ್ಲಿ ಎಳೆದು ಬಟ್ಟೇಲಿ ಸೋಸಿ ನೀರು ಮಾತ್ರ ವಾಪಸ್ ಬಿಟ್ಟೆ. ರಾತ್ರಿ ಅವು ಮರಳು ಬಿಟ್ಟು ನೀರಿಗೆ ಏಳ್ತಿದ್ವು, ಅದಕ್ಕೆ ನೀರಲ್ಲಿ ತೇಲೋವನ್ನ ಸಾಯಿಸೋ ಒಂದು ಯುವಿ ಲ್ಯಾಂಪ್ ಹಾಕ್ದೆ, ಎಲ್ಲಾ ಜಾತಿ ಡೈನೋ ಹಂಗೆ ಏಳಲ್ಲ, ನಂದು ಏಳೋ ಜಾತಿ, ಪುಣ್ಯ. ನೈಟ್ರೇಟ್ 5, ಫಾಸ್ಫೇಟ್ 0.05 ದಾಟಿ ನಿಂತ ಮೇಲೆ, ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಸಿಂಬಳ ಕಾಣಲಿಲ್ಲ.

ಹಸಿರು ಕೂದಲು ಮತ್ತೆ ಸ್ವಲ್ಪ ಚಿಗುರ್ತು, ಈ ಸಲ ಗಾಬರಿ ಆಗಲಿಲ್ಲ. ಹಳೇ ಟೂತ್‌ಬ್ರಷ್‌ನ ಸೈಫನ್ ಪೈಪಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ ಉಜ್ತಾ ಉಜ್ತಾನೇ ಎಳೆಯೋದು, ಕಿತ್ತ ತುಂಡು ನೀರಲ್ಲಿ ತೇಲಿದ್ರೆ ಬೇರೆ ಕಡೆ ಹೋಗಿ ಹತ್ಕೊಳ್ಳತ್ತೆ. ಭಾನುವಾರ ನೀರು ಬದಲಾಯಿಸೋ 15 ಲೀಟರ್ ಇದ್ರಲ್ಲೇ ಹೋಗತ್ತೆ. ಬಿಡದೇ ಇರೋ ಎರಡು ಕಲ್ಲನ್ನ ಆಚೆ ತೆಗೆದು ಹೈಡ್ರೋಜನ್ ಪೆರಾಕ್ಸೈಡ್ ಹಚ್ದೆ, ಮೆಡಿಕಲ್ ಸ್ಟೋರಲ್ಲಿ ಸಿಕ್ಕಿದ್ದು 6 ಪರ್ಸೆಂಟ್‌ದು, ಅರ್ಧಕ್ಕರ್ಧ ನೀರು ಬೆರೆಸಿ 3 ಮಾಡಿ, ಮೂರು ನಿಮಿಷ ಬಿಟ್ಟು ಉಪ್ಪುನೀರಲ್ಲಿ ತೊಳೆದು ವಾಪಸ್ ಇಟ್ಟೆ, ಎರಡು ದಿನಕ್ಕೆ ಬಿಳೀ ಆಯ್ತು. ಜೋವಾ ಇರೋ ಕಲ್ಲು ಉಜ್ಜೋರು ಗ್ಲೌಸು ಕನ್ನಡಕ ಇಲ್ದೇ ಕೈ ಹಾಕ್ಬೇಡಿ, ಅವುಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನೋ ಭಯಂಕರ ವಿಷ ಇರಬಹುದು, ಆ ಕಲ್ಲನ್ನ ಕ್ಲೀನ್ ಮಾಡ್ತೀನಿ ಅಂತ ಬಿಸಿನೀರಲ್ಲಿ ಕುದಿಸೋದಂತೂ ಬೇಡವೇ ಬೇಡ, ಆವಿ ಕುಡಿದು ಆಸ್ಪತ್ರೆ ಸೇರಿದೋರಿದಾರೆ.

ಈಗ ಅಕ್ಟೋಬರ್. ಪಂಪ್ ಮೇಲೆ ನೇರಳೆ ಚುಕ್ಕಿ ಬಂದಿವೆ, ಕೋರಲೈನ್, ಅದೂ ಪಾಚೀನೇ ಆದ್ರೆ ಬೇಕಾದ ಪಾಚಿ. ಆಯುಧಪೂಜೆ ದಿನ ಅಮ್ಮ ಸ್ಕಿಮ್ಮರ್‌ಗೆ ಕುಂಕುಮ ಇಡಕ್ಕೆ ಬಂದ್ರು, ನೀರಿಗೆ ಬಿದ್ರೆ ಕಷ್ಟ ಸ್ಟ್ಯಾಂಡಿಗೆ ಇಡಮ್ಮ ಅಂದೆ. ಪವರ್‌ಹೆಡ್ ಹಿಂದೆ ಒಂದು ಸಣ್ಣ ಗುಪ್ಪೆ ಹಸಿರು ಇನ್ನೂ ಇದೆ, ಬ್ರಷ್ ಹೋಗಲ್ಲ ಅಲ್ಲಿಗೆ. ಹೋದ ಭಾನುವಾರ ಒಂದು ಸ್ನೇಲ್ ಎತ್ಕೊಂಡು ಸರಿಯಾಗಿ ಅದರ ಮೇಲೇ ಕೂರಿಸಿದೆ, ಬೆಳಗ್ಗೆ ಎದ್ದು ನೋಡಿದ್ರೆ ಎದುರುಗಡೆ ಗಾಜಿನ ಮೇಲೆ ಏನೂ ಇಲ್ದಿರೋ ಜಾಗಾನ ನೆಕ್ತಾ ಕೂತಿತ್ತು.