ಟ್ಯೂಬ್ ಆಂಪ್ ಒದರಲಿ, ಕೆಳಗಿನ ಮನೆ ಮಲಗಲಿ

ನನ್ನದು 15 ವಾಟ್‌ನ ಫೆಂಡರ್ ಬ್ಲೂಸ್ ಜೂನಿಯರ್, ಗಾಜಿನ ಟ್ಯೂಬ್ ಇರುವ ಗಿಟಾರ್ ಆಂಪ್ಲಿಫೈಯರ್. ವಾಲ್ಯೂಮ್ 9ಕ್ಕೆ ತಿರುಗಿಸಿದರೆ ಸ್ವರ್ಗ. ಕೆಳಗಿನ ಮನೆ ಅಜ್ಜಿಗೆ ನರಕ. ಕೋಲಿನಿಂದ ಸೀಲಿಂಗ್ ಕುಟ್ಟುತ್ತಾರೆ.

ಮೊದಲು ದುಡ್ಡಿಲ್ಲದ ದಾರಿ: ವಾಲ್ಯೂಮ್ ಜಾಸ್ತಿ, ಮಾಸ್ಟರ್ (ಒಟ್ಟು ಸದ್ದಿನ ನಾಬ್) ಕಮ್ಮಿ. ಆದರೆ ಇದರಲ್ಲಿ ಪ್ರೀಆಂಪಿನಲ್ಲಿ (ಆಂಪಿನ ಮೊದಲ ಹಂತ) ಮಾತ್ರ ಸದ್ದು ಒಡೆದು ಕರಕರ ಅನ್ನುತ್ತದೆ. ಜೇನುನೊಣ ಡಬ್ಬಿಯಲ್ಲಿ ಸಿಕ್ಕಿಕೊಂಡ ಹಾಗೆ ಸದ್ದು.

ಸ್ಪೀಕರ್ ಓಡಿಸುವ ಪವರ್ ಟ್ಯೂಬೂ ಬೆವರಬೇಕಾ? ಅಟೆನ್ಯುಯೇಟರ್ ತಗೊಳ್ಳಿ, ಆಂಪಿನ ಪವರ್ ಅರ್ಧಂಬರ್ಧ ನುಂಗಿ ಉಳಿದದ್ದನ್ನಷ್ಟೇ ಸ್ಪೀಕರಿಗೆ ಬಿಡುವ ಡಬ್ಬಿ. ಆಂಪ್ ಆಫ್ ಮಾಡಿ, ಆಂಪಿಗೂ ಸ್ಪೀಕರಿಗೂ ಮಧ್ಯೆ ಅದನ್ನು ಸೇರಿಸಿ. ಸ್ಪೀಕರ್ ಕೇಬಲ್ಲೇ ಬಳಸಿ, ಗಿಟಾರ್ ಕೇಬಲ್ ಬೇಡ. ಸ್ಪೀಕರ್ 8 ಓಮ್ (ವಿದ್ಯುತ್ ತಡೆಯ ಅಳತೆ) ಇದ್ದರೆ ಅಟೆನ್ಯುಯೇಟರೂ 8 ಓಮ್ ಇರಲಿ. ಸ್ಪೀಕರ್ ಕಿತ್ತು ಸುಮ್ನೆ ಆನ್ ಮಾಡಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು.

5 ವಾಟ್ ಆಂಪ್ ಸಾಕಲ್ವಾ ಅನ್ನಬೇಡಿ. ವ್ಯತ್ಯಾಸ ಸುಮಾರು 5 ಡೆಸಿಬಲ್, ಅಷ್ಟೇ. ಅಜ್ಜಿಯ ಕೋಲು ನಿಲ್ಲಲ್ಲ!

ಸದ್ದು ಇಳಿಸಿದಾಗ ಕಿವಿಗೆ ಬಾಸ್ ಕಮ್ಮಿ ಕೇಳುತ್ತದೆ. ಬಾಸ್ ನಾಬ್ ಚೂರು ಏರಿಸಿ.